ಕೈಯಿಟ್ಟರೆ ಕಣ್ಣು ಮುಚ್ಚುವ ಲ್ಯಾಪ್‌ಟಾಪು

ಲ್ಯಾಪ್‌ಟಾಪು ತಂದಿಡಲು ಅಳಿಯನಿಗೆ ಬೇರೆ ಜಾಗವೇ ಕಾಣಲಿಲ್ಲ. ಕಿಡಿ ಆಗಷ್ಟೇ ಸುಕ್ಕು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಹಾಸಿದ್ದ ಬಿಳಿ ಬಟ್ಟೆಯ ನಟ್ಟನಡುವೆ ಅದನ್ನು ಇಟ್ಟುಬಿಟ್ಟ, ಯಾರದೋ ಮನೆಯ ಮಂಚದ ಮೇಲೆ ಹೇಳದೆ ಕೇಳದೆ ಕಾಲು ಚಾಚಿದವನ ಹಾಗೆ.

"ಬಟ್ಟೆ ಮೇಲಿಂದ ತೆಗೀರಿ ಸರ್," ಅಂದ ಕಿಡಿ.

ಅಳಿಯ ತೆಗೆದ. ತೆಗೆಯುವಾಗ ನಕ್ಕ. ಅವತ್ತಿನಿಂದ ಕಿಡಿಗೆ ಆ ನಗುವಿನ ಮೇಲೆ ಒಂದು ಕಣ್ಣು.

ಅದು ಸಮವಸ್ತ್ರ ಹೊಲಿಯುವ ಕಾರ್ಖಾನೆ. ದಾದಿಯರ ಕೋಟು, ಅಡುಗೆಯವರ ಏಪ್ರನ್ನು, ಕಾವಲುಗಾರರ ಅಂಗಿ, ಹೀಗೆ ತಮ್ಮದಲ್ಲದ ಬಟ್ಟೆ ತೊಟ್ಟು ದುಡಿಯುವ ಎಲ್ಲರ ಮೈಗೂ ಇಲ್ಲಿಂದಲೇ ಬಟ್ಟೆ ಹೋಗುತ್ತಿತ್ತು. ಉದ್ದನೆಯ ಹಜಾರ. ಒಂದು ಬದಿಗೆ ಹೊಲಿಗೆ ಮಷೀನುಗಳ ಸಾಲು, ತುದಿಯಲ್ಲಿ ಇಸ್ತ್ರಿಯ ಹೊಗೆ, ನಡುವೆ ಕಟಿಂಗ್ ಟೇಬಲ್ಲು. ಟೇಬಲ್ಲಿನ ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಗೊಂದರಂತೆ ನೇತಾಡುವ ರಟ್ಟಿನ ಮಾದರಿಗಳು: ತೋಳು, ಬೆನ್ನು, ಕಾಲರು, ಜೇಬು. ಅವುಗಳನ್ನು ಬಟ್ಟೆಯ ಮೇಲಿಟ್ಟು, ಸುತ್ತ ಚಾಕಿನಲ್ಲಿ ಗೆರೆ ಎಳೆದು, ಗುಂಡುಪಿನ್ನು ಚುಚ್ಚಿ, ಕತ್ತರಿ ಹಾಕುವುದು ಕಿಡಿಯ ಕೆಲಸ. ಅವನು ಕತ್ತರಿಸದೆ ಆ ಹಜಾರದಲ್ಲಿ ಒಂದು ಮಷೀನೂ ತಿರುಗುವಂತಿರಲಿಲ್ಲ.

ಕಿಡಿ ಎಂದು ಹೆತ್ತವರು ಇಟ್ಟ ಹೆಸರಲ್ಲ. ಕೋಪ ಸದಾ ಮೂಗಿನ ತುದಿಯಲ್ಲಿ ಕೂತಿರುತ್ತಿದ್ದುದರಿಂದ, ಹಜಾರದ ತುದಿಯಲ್ಲಿ ಇಸ್ತ್ರಿ ಹಾಕುವ ಇಸ್ತ್ರಿ ಮಾವ ಇಟ್ಟದ್ದು. ಶಾಲೆಯಲ್ಲಿ ಮೇಷ್ಟರ ಗಡಿಯಾರ ಕಳೆದುಹೋದಾಗ ಎಲ್ಲರ ಕಣ್ಣೂ ಹರಿದ ಅಂಗಿಯ ಇವನ ಕಡೆಗೇ ತಿರುಗಿತ್ತು. ಗಡಿಯಾರ ಮೇಷ್ಟರ ಕೋಟಿನ ಒಳಜೇಬಿನಲ್ಲೇ ಸಿಕ್ಕಿತು. ಸಿಕ್ಕ ಮೇಲೆ ಮೇಷ್ಟರು ನಕ್ಕರು, ಅಷ್ಟೇ. ಹುಡುಗ ಚೀಲ ಅಲ್ಲೇ ಬಿಟ್ಟು ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆಮೇಲಿಂದ ಓದಿದವರು ನಗುನಗುತ್ತಾ ಏನಾದರೂ ವಿವರಿಸಲು ಬಂದರೆ ಅವನ ಮೈಯೆಲ್ಲ ಮುಳ್ಳು.

ಅಳಿಯ ಎಂದರೆ ಯಜಮಾನರ ಮಗಳ ಗಂಡ. ಎಲ್ಲೋ ಇದ್ದ ಆಫೀಸು ಕೆಲಸ ಬಿಟ್ಟು ಮಾವನ ಕಾರ್ಖಾನೆಯನ್ನು ಉದ್ಧಾರ ಮಾಡಲು ಬಂದವನು. ಅವನು ಕಾಲಿಟ್ಟಾಗಿನಿಂದ ಒಂದೊಂದೇ ಹಳೆಯ ಸಾಮಾನು ಮಾಯವಾಗುತ್ತಿತ್ತು. ಮೊದಲು ಗೋಡೆಯ ಗಂಟೆ ಹೋಯಿತು. ಮರದ ಸ್ಟೂಲುಗಳು ಹೋದವು. ಬಾಗಿಲ ಬಳಿ ತೂಕಡಿಸುತ್ತಾ ಕೂರುತ್ತಿದ್ದ ಮುದುಕ ಕಾವಲುಗಾರನೂ ಹೋದ. ಅವನು ಒರಗುತ್ತಿದ್ದ ಕಂಬದ ಮೇಲೆ ಒಂದು ಕ್ಯಾಮೆರಾ ಬಂದು ಕೂತಿತು. ಅದು ತೂಕಡಿಸುವುದಿಲ್ಲ ಎಂದು ಅಳಿಯ ಎಲ್ಲರಿಗೂ ಹೇಳಿದ್ದ. ಮುಂದಿನ ಸರದಿ ಯಾರದೆಂದು ಕಿಡಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೂ ಯಜಮಾನರು ಬಿಡಿಸಿಯೇ ಹೇಳಿದರು. ಅವರು ಒಳ್ಳೆಯವರು, ಕೆಟ್ಟದ್ದನ್ನು ಹೇಳುವಾಗ ನೆಲ ನೋಡುತ್ತಿದ್ದರು.

"ಮಾದರಿ ಎಲ್ಲಾ ಇನ್ಮೇಲೆ ಇದರೊಳಗೆ ಇರುತ್ತಪ್ಪ. ಇದನ್ನ ನಡೆಸೋನೇ ಟೇಬಲ್ ನೋಡ್ಕೊಳ್ಳೋನು. ಹೊಸ ಆಸ್ಪತ್ರೆ ಬಟ್ಟೆ ಬರೋದ್ರೊಳಗೆ ಕಲ್ತುಬಿಡು. ಆಗಲಿಲ್ಲ ಅಂದ್ರೆ ಹೊರಗಿಂದ ಒಬ್ಬನ್ನ ಕರೆಸಬೇಕು ಅಂತಾರೆ ಇವರು. ಆಗ ನೀನು ದಾರ ಕತ್ತರಿಸೋ ಕಡೆ ಹೋಗ್ಬೇಕಾಗುತ್ತೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ದಾರ ಕತ್ತರಿಸುವುದೆಂದರೆ ಹೊಲಿದು ಮುಗಿದ ಬಟ್ಟೆಯಿಂದ ಇಣುಕುವ ಎಳೆಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುತ್ತಾ ಮೂಲೆಯಲ್ಲಿ ಕೂರುವುದು. ಕಿಡಿ ಈ ಕಾರ್ಖಾನೆಗೆ ಬಂದಾಗ ಶುರುಮಾಡಿದ್ದೇ ಆ ಮೂಲೆಯಿಂದ. ಅಲ್ಲಿಂದ ಈ ಟೇಬಲ್ಲಿಗೆ ಬರಲು ಅವನು ಪಟ್ಟ ಪಾಡು ಅವನಿಗೆ ಗೊತ್ತು, ಅವನ ಅಕ್ಕನಿಗೆ ಗೊತ್ತು. ಅಕ್ಕ ಅದೇ ಹಜಾರದಲ್ಲಿ ಕಿಟಕಿ ಪಕ್ಕದ ಮಷೀನಿನವಳು. ತಮ್ಮನ ಕೈಗೆ ದೊಡ್ಡ ಕತ್ತರಿ ಬಂದ ದಿನ, ಮುರಿದ ಬೀರುವಿನ ಬಾಗಿಲಲ್ಲಿದ್ದ ಮ್ಯಾಗ್ನೆಟ್ಟನ್ನು ಕಿತ್ತು, ದಪ್ಪ ಬಟ್ಟೆಯ ಪಟ್ಟಿಯೊಳಗೆ ಇಟ್ಟು ಹೊಲಿದು, ಕೊಕ್ಕೆ ಹಾಕಿ ಅವನ ಎಡ ಮಣಿಕಟ್ಟಿಗೆ ಕಟ್ಟಿದ್ದಳು. ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಳ್ಳುವ ಕೆಟ್ಟ ಚಟ ಅವನಿಗಿತ್ತು, ಅದನ್ನು ಬಿಡಿಸಲು. ಪಿನ್ನುಗಳು ತಾವಾಗಿ ಹೋಗಿ ಪಟ್ಟಿಗೆ ಅಂಟಿಕೊಳ್ಳುತ್ತಿದ್ದವು. ಕಿಡಿ ಅದನ್ನು ಸ್ನಾನಕ್ಕೆ ಬಿಟ್ಟರೆ ಬಿಚ್ಚುತ್ತಿರಲಿಲ್ಲ.

ಪಾಠ ಶುರುವಾಯಿತು. ಟೇಬಲ್ಲಿನ ಒಂದು ತುದಿ ಖಾಲಿ ಮಾಡಿಸಿ ಅಳಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ. ಮುಚ್ಚಳ ಹೀಗೆ ತೆಗೆಯಬೇಕು, ಮೂಲೆಯ ಗುಂಡಿ ಒಮ್ಮೆ ಒತ್ತಿ ಬಿಡಬೇಕು, ಒತ್ತಿಕೊಂಡೇ ಇರಬಾರದು. ಕೆಳಗಿನ ನುಣುಪು ಚೌಕದ ಮೇಲೆ ಬೆರಳು ಆಡಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಒಮ್ಮೆ ತಟ್ಟಿದರೆ ಆಯ್ದುಕೊಂಡಂತೆ, ಎರಡು ಸಲ ತಟ್ಟಿದರೆ ತೆರೆದಂತೆ. ಎರಡು ಬೆರಳು ಒಟ್ಟಿಗೆ ಎಳೆದರೆ ಹಾಳೆ ಮೇಲೆ ಕೆಳಗೆ ಸರಿಯುತ್ತದೆ. ಎಲ್ಲವನ್ನೂ ಅಳಿಯ ಚಿಕ್ಕ ಮಕ್ಕಳಿಗೆ ತುತ್ತು ತಿನ್ನಿಸುವವರ ದನಿಯಲ್ಲಿ ಹೇಳುತ್ತಿದ್ದ. ಕಿಡಿ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ. ಬಟ್ಟೆಯ ನೂಲಿನ ಓಟವನ್ನು ಬೆರಳಲ್ಲೇ ಓದುತ್ತಿದ್ದವನಿಗೆ ಚೌಕ ಬೇಗನೆ ಬಗ್ಗಿತು. ಬಗ್ಗಿದ್ದೂ ಅವನಿಗೆ ಗುಮಾನಿಯೇ. ಇಷ್ಟು ಸಲೀಸಾಗಿ ಹೇಳಿದ ಮಾತು ಕೇಳುವ ವಸ್ತು ಇನ್ಯಾರ ಮಾತನ್ನೆಲ್ಲ ಕೇಳುತ್ತದೋ ಎಂದುಕೊಂಡ.

ಅದರಲ್ಲಿ ಕಸದ ಬುಟ್ಟಿ ಅಂತ ಒಂದಿತ್ತು. ಬೇಡದ್ದನ್ನು ಎಳೆದು ಅಲ್ಲಿಗೆ ಹಾಕು ಅಂದ ಅಳಿಯ. ಹಾಕಿದ. ಬುಟ್ಟಿ ತೆರೆದರೆ ಎಸೆದದ್ದೆಲ್ಲ ಅಲ್ಲೇ ನೆಟ್ಟಗೆ ಕೂತಿತ್ತು. ಎಸೆದದ್ದನ್ನೂ ಎತ್ತಿಡುವ ಮನೆ ಎಂಥ ಮನೆ ಎಂದು ಕಿಡಿಗೆ ಅನ್ನಿಸಿತು. ಆಮೇಲೆ ಪರದೆಯ ನೆತ್ತಿಯ ಮೇಲೆ ಸಾಸಿವೆಯಷ್ಟು ಒಂದು ಗಾಜಿನ ಚುಕ್ಕೆ ಕಂಡಿತು. ಅದೇನೆಂದು ಕೇಳಿದ. ಅದೂ ಕ್ಯಾಮೆರಾವಂತೆ. ಅಳಿಯ ನೀರು ಕುಡಿಯಲು ಎದ್ದದ್ದೇ ತಡ, ಕಿಡಿ ಕಾಲರಿಗೆ ಹಾಕುವ ಬಕ್ರಂ ಬಟ್ಟೆಯ ಚೂರೊಂದನ್ನು ಉಗುರಿನಷ್ಟು ಕತ್ತರಿಸಿ, ಅಂಟು ಹಚ್ಚಿ, ಆ ಕಣ್ಣಿನ ಮೇಲೆ ಮೆತ್ತಿದ.

ಅಳಿಯ ಬಂದು ನೋಡಿ ಮತ್ತೆ ನಕ್ಕ.

ಮಾದರಿಗಳ ಸರದಿ ಬಂದಾಗ ತೊಂದರೆ ಶುರುವಾಯಿತು. ದಾದಿಯರ ಕೋಟಿನ ಮಾದರಿಯನ್ನು ಅಳಿಯ ಮೊದಲೇ ಚಿತ್ರ ತೆಗೆದು ಒಳಗೆ ಹಾಕಿದ್ದ. ಗೆರೆ ಎಳೆದದ್ದು ತಪ್ಪಾದರೆ, ಎಡಗೈಯಿಂದ ಕೆಳಮೂಲೆಯ ಕಂಟ್ರೋಲ್ ಒತ್ತಿ ಹಿಡಿದು ಬಲಗೈಯಲ್ಲಿ ಝಡ್ ಒತ್ತು, ಮಾಡಿದ್ದು ಮಾಡದ ಹಾಗೆ ಆಗುತ್ತದೆ ಅಂದ. ಕಿಡಿ ಒಂದು ಗಳಿಗೆ ಅವನ ಮುಖ ನೋಡಿದ. ಒಮ್ಮೆ ಹಾಕಿದ ಕತ್ತರಿಯನ್ನು ಬಟ್ಟೆ ಮರೆಯುವುದಿಲ್ಲ. ತಪ್ಪು ಕತ್ತರಿಸಿದ್ದಕ್ಕೆ ಹಳೆಯ ಕಟಿಂಗ್ ಮಾಸ್ಟರಿಂದ ಅವನು ತಿಂದ ಏಟುಗಳನ್ನು ಬೆನ್ನೂ ಮರೆತಿರಲಿಲ್ಲ. ಮಾಡಿದ್ದನ್ನು ಮಾಡದ ಹಾಗೆ ಮಾಡುವ ವಿದ್ಯೆ ಓದಿದವರ ಕೈಯಲ್ಲಿ ಇಷ್ಟು ದಿನ ಇತ್ತು ಅಂದ ಹಾಗಾಯಿತು.

ಎಡಗೈಯನ್ನು ಕಂಟ್ರೋಲಿಗೆ ಚಾಚಿದ. ಪರದೆ ಕಪ್ಪಾಯಿತು.

ಅಳಿಯ ಗುಂಡಿ ಒತ್ತಿದ, ಪರದೆ ಎದ್ದು ಪಾಸ್‌ವರ್ಡ್ ಕೇಳಿತು. ಅಳಿಯನೇ ಇಟ್ಟ ಪಾಸ್‌ವರ್ಡು, ಅಳಿಯನ ಹೆಂಡತಿಯ ಹೆಸರು. ಕಿಡಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಒಳಗೆ ಹೋದ. ಎಡಗೈ ಚಾಚಿದ. ಮತ್ತೆ ಕಪ್ಪು.

ಜಾಗ ಬದಲಿಸಿ ಅಳಿಯ ಕೂತ. ಕಂಟ್ರೋಲ್ ಒತ್ತಿದ, ಝಡ್ ಒತ್ತಿದ. ಏನೂ ಆಗಲಿಲ್ಲ, ಅಂದರೆ ಎಲ್ಲವೂ ಆಗಬೇಕಾದ ಹಾಗೇ ಆಯಿತು. ಕಿಡಿ ಕೂತ ಕೂಡಲೇ ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

"ನೀನೇನೋ ಒತ್ತುತಾ ಇದೀಯ," ಅಂದ ಅಳಿಯ.

"ನೀವು ಹೇಳಿದ್ದನ್ನೇ ಒತ್ತುತಾ ಇದೀನಿ."

ದಿನದಿನವೂ ಇದೇ ಕತೆ. ಬಲಗೈಯಲ್ಲಿ ಬಾಣ ಓಡಿಸುವ ತನಕ ಲಕ್ಷಣವಾಗಿ ಇರುತ್ತದೆ; ಎಡಗೈ ಇಟ್ಟನೋ, ದೀಪ ಆರಿಸಿದಂತೆ. ಪಾಸ್‌ವರ್ಡು ಹೊಡೆದು ಹೊಡೆದು ಯಜಮಾನರ ಮಗಳ ಹೆಸರು ಕಿಡಿಯ ಬೆರಳಿಗೆ ಬಾಯಿಪಾಠವಾಯಿತು. ಕಿಡಿ ಬೇಕೆಂದೇ ಆರಿಸುತ್ತಿದ್ದಾನೆ, ಕಲಿಯಲು ಮನಸ್ಸಿಲ್ಲದೆ ನಾಟಕ ಆಡುತ್ತಿದ್ದಾನೆ ಎಂದು ಅಳಿಯ ಮಾವನ ಕಿವಿಗೆ ಹಾಕಿದ. ಅದು ಇಸ್ತ್ರಿ ಮಾವನ ಕಿವಿಗೆ ಬಿತ್ತು. ಇಸ್ತ್ರಿ ಮಾವನ ಕಿವಿಗೆ ಬಿದ್ದದ್ದು ಎಲ್ಲಿಯೂ ನಿಲ್ಲುವುದಿಲ್ಲ.

ಇಸ್ತ್ರಿ ಮಾವ ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಬಿಸಿ ಕಾಲರಿನ ಮೇಲೆ ನೀರು ಚಿಮುಕಿಸುತ್ತಾ ಅವನು ಕಿಡಿಯ ತಲೆಗೆ ಹುಳ ಬಿಟ್ಟ.

"ನನ್ನ ಷಡ್ಡಕನ ಮನೇಲಿ ಟೀವಿ ಐತೆ ಕಣೋ. ಅವನ ಮಗಳು ಒಳಗಿನ ರೂಮಲ್ಲಿ ಕೂತು ಫೋನಲ್ಲೇ ಆರಿಸ್ತಾಳೆ. ಇವನು ಫೋನು ಕೈ ಬಿಡೋದನ್ನ ಯಾವತ್ತಾದ್ರೂ ನೋಡಿದೀಯಾ?"

ನೋಡಿರಲಿಲ್ಲ. ಅಳಿಯನ ಬಲಗೈ ಹೆಬ್ಬೆರಳು ಯಾವಾಗಲೂ ಫೋನಿನ ಮೇಲೇ. ಅಲ್ಲಿಂದಾಚೆ ಕಿಡಿ ಮೈಯೆಲ್ಲ ಕಣ್ಣಾದ. ಪರದೆ ಆರಿದಾಗಲೆಲ್ಲ ತಿರುಗಿ ಅಳಿಯನ ಹೆಬ್ಬೆರಳು ನೋಡುವನು. ಹೆಬ್ಬೆರಳು ಅಲ್ಲಾಡುತ್ತಲೇ ಇರುತ್ತಿತ್ತು. ಪರದೆ ಆರದಾಗಲೂ ಅದು ಅಲ್ಲಾಡುತ್ತಿತ್ತು ಅನ್ನುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನುಮಾನಕ್ಕೆ ಬೇಕಾದದ್ದನ್ನು ಮಾತ್ರ ಕಾಣುವ ಕಣ್ಣು ಬೇರೆಯೇ ಇರುತ್ತದೆ.

ಒಂದು ಬೆಳಗ್ಗೆ ಸಾಕ್ಷಿ ಕೂಡ ಸಿಕ್ಕಿತು. ಅಳಿಯ ಬಟ್ಟೆ ಮಂಡಿಗೆ ಹೋಗಿದ್ದ. ಅವತ್ತೇ ಕಿಡಿಯ ಮಣಿಕಟ್ಟಿನ ಪಟ್ಟಿಯ ಕೊಕ್ಕೆ ಕಿತ್ತುಬಂದಿತ್ತು. ಹೊಲಿದುಕೊಡು ಎಂದು ಅಕ್ಕನ ಮಷೀನಿನ ಮೇಲೆ ಎಸೆದು ಬಂದು, ಒಬ್ಬನೇ ಲ್ಯಾಪ್‌ಟಾಪಿನ ಮುಂದೆ ಕೂತ. ಪರದೆ ಆರಲಿಲ್ಲ. ಎಡಗೈ ಇಟ್ಟ, ಆರಲಿಲ್ಲ. ಕಂಟ್ರೋಲ್ ಝಡ್ ಒತ್ತಿದ. ತಪ್ಪು ಗೆರೆ ಹಿಂದೆ ಸರಿದು ಮಾಯವಾಯಿತು. ಮತ್ತೆ ಗೆರೆ ಎಳೆದ, ಮತ್ತೆ ಅಳಿಸಿದ. ಮೇಲಿನ ಸಾಲಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ: ಒಂದರಲ್ಲಿ ಬೆಳಕು ಏರಿತು, ಒಂದರಲ್ಲಿ ಇಳಿಯಿತು, ಇನ್ನೊಂದು ಸದ್ದು ಹೆಚ್ಚಿಸಿತು. ಹೊಸ ಫೋಲ್ಡರ್ ಮಾಡಿ ಅದಕ್ಕೆ ‘ತೋಳು’ ಎಂದು ಹೆಸರಿಟ್ಟ. ಕೋಟಿನ ಬೆನ್ನನ್ನು ಒಂದು ಅಳತೆ ದೊಡ್ಡದು ಮಾಡಿದ, ಬೇರೆ ಹೆಸರು ಕೊಟ್ಟು ಉಳಿಸಿದ, ಮುಚ್ಚಿ ತೆರೆದು ನೋಡಿದ. ಉಳಿದಿತ್ತು. ಎಷ್ಟೋ ದಿನಗಳ ಮೇಲೆ ಅವನ ಬಾಯಲ್ಲಿ ಸಿಳ್ಳೆ ಬಂತು.

ಹೊರಗೆ ಸ್ಕೂಟರಿನ ಸದ್ದಾಯಿತು. ಅದೇ ಹೊತ್ತಿಗೆ ಅಕ್ಕ ಬಂದು, "ಗಟ್ಟಿಯಾಗಿ ಹಾಕಿದೀನಿ, ಇನ್ನು ಕೀಳಲ್ಲ," ಎನ್ನುತ್ತಾ ಪಟ್ಟಿಯನ್ನು ಅವನ ಮಣಿಕಟ್ಟಿಗೆ ಕಟ್ಟಿದಳು. ಕಿಡಿ ಎಡಗೈಯನ್ನು ಕೀಲಿಗಳ ಮೇಲಿಟ್ಟ. ಪರದೆ ಕಪ್ಪಾಯಿತು. ಬಾಗಿಲ ಕಡೆ ತಿರುಗಿದರೆ ಅಳಿಯ ಫೋನು ಕಿವಿಗಿಟ್ಟುಕೊಂಡು ಒಳಗೆ ಬರುತ್ತಿದ್ದ.

ಇನ್ನೇನು ಬೇಕು. ಅವನಿಲ್ಲದಾಗ ಬೆಣ್ಣೆ, ಅವನು ಬಂದ ಗಳಿಗೆ ಕಲ್ಲು. ಯಾರನ್ನೋ ತಂದು ಕೂರಿಸಲು ಇವನು ಮಸಲತ್ತು ಮಾಡಿದ್ದಾನೆ, ತನ್ನನ್ನು ದಡ್ಡನೆಂದು ತೋರಿಸಿ ಮೂಲೆಗೆ ಕಳಿಸುತ್ತಾನೆ ಎಂದು ಕಿಡಿಗೆ ಖಾತ್ರಿಯಾಯಿತು.

ಆ ಖಾತ್ರಿಯ ಮೇಲೆ ಇನ್ನೊಂದು ಬರೆ ಬಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ದಾರದ ಉಂಡೆಗಳ ಕಪಾಟಿನ ಮರೆಯಲ್ಲಿ ಅಕ್ಕ ಅಳಿಯನ ಹತ್ತಿರ ಮಾತಾಡುತ್ತಿದ್ದಳು. ದನಿ ತಗ್ಗಿಸಿ. ಅಳಿಯ ತಲೆಯಾಡಿಸುತ್ತಿದ್ದ. ಕಿಡಿಯನ್ನು ಕಂಡು ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರದೇ ಸಂಸಾರ. ಅವತ್ತು ಸಂಜೆ ಕಿಡಿ ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಅಳಿಯನ ಹತ್ರ ಏನು ಗುಸುಗುಸು?"

"ದಾರದ ಬಣ್ಣ ಕೇಳ್ತಿದ್ದೆ."

ಸುಳ್ಳು ಹೇಳುವಾಗ ಅಕ್ಕ ಪಾತ್ರೆಗಳ ಸದ್ದು ಜಾಸ್ತಿ ಮಾಡುತ್ತಾಳೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಊಟ ಒಬ್ಬರಿಗಾಗುವಷ್ಟೇ ಇದ್ದ ದಿನಗಳಲ್ಲಿ, ನನ್ನದು ಆಯಿತು ನೀನು ತಿನ್ನು ಅನ್ನುವಾಗಲೂ ಅವಳು ಖಾಲಿ ಪಾತ್ರೆಗಳನ್ನು ಹೀಗೇ ಕುಕ್ಕುತ್ತಿದ್ದಳು. ಈಗಲೂ ಸೌಟು ತಟ್ಟೆಗೆ ಬಡಿಯಿತು, ತಟ್ಟೆ ಕಟ್ಟೆಗೆ ಬಡಿಯಿತು. ಕಿಡಿ ಗೋಡೆಗೆ ಮುಖ ಮಾಡಿ ಕೂತು ಉಂಡ. ಊರೆಲ್ಲ ತನ್ನ ವಿರುದ್ಧ ನಿಂತರೂ ಬೆನ್ನಿಗೆ ಒಬ್ಬಳಿದ್ದಾಳೆ ಎಂದುಕೊಂಡಿದ್ದ ಜಾಗದಲ್ಲೇ ಈಗ ಗಾಳಿ ಆಡಿದ ಹಾಗಾಯಿತು.

ಆಸ್ಪತ್ರೆಯ ಬಟ್ಟೆ ಬಂತು. ತಾನುಗಳನ್ನು ಇಳಿಸಿ ಗೋಡೆಗೆ ಒರಗಿಸುತ್ತಿದ್ದಂತೆ ಯಜಮಾನರು ಕಿಡಿಯನ್ನು ಕರೆದರು. ತೋರಿಸಪ್ಪ ಅಂದರು. ಲ್ಯಾಪ್‌ಟಾಪು ತೆರೆದು, ಕೋಟಿನ ಮಾದರಿ ತೆಗೆದು, ಒಂದು ಅಳತೆ ದೊಡ್ಡದು ಮಾಡಿ, ತೋಳಿನ ಗೆರೆ ತಿದ್ದಿ, ಹೊಸ ಹೆಸರಲ್ಲಿ ಉಳಿಸಿ, ಸರಿಯಾಗಿ ಮುಚ್ಚಬೇಕು. ಅಷ್ಟೇ. ಮಷೀನುಗಳು ಒಂದೊಂದಾಗಿ ನಿಂತವು. ಇಸ್ತ್ರಿ ಮಾವ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹತ್ತಿರ ಬಂದ. ಅಳಿಯ ಯಜಮಾನರ ಪಕ್ಕ ನಿಂತ, ಫೋನು ಕೈಯಲ್ಲಿ.

ಕಿಡಿ ಗುಂಡಿ ಒತ್ತಿದ. ಪಾಸ್‌ವರ್ಡು ಹೊಡೆದ. ಫೋಲ್ಡರು ತೆರೆದ, ಮಾದರಿ ತೆರೆದ. ಬಲಗೈ ಒಂದರಲ್ಲೇ ಅಳತೆ ದೊಡ್ಡದು ಮಾಡಿದ. ಯಜಮಾನರು ತಲೆದೂಗಿದರು. ತೋಳಿನ ಗೆರೆಯೊಂದು ಅಡ್ಡ ಹೋಯಿತು. ಅಳಿಸಬೇಕು. ಎಡಗೈ ಚಾಚಬೇಕು. ಕಿಡಿ ಅಳಿಯನ ಹೆಬ್ಬೆರಳು ನೋಡಿದ, ಎಡಗೈ ಚಾಚಿದ.

ಕಪ್ಪು.

"ನೋಡಿದ್ರಾ," ಅಂದ ಅಳಿಯ ಮಾವನಿಗೆ. ಮೆಲ್ಲಗೆ ಅಂದದ್ದು, ಆದರೆ ಮಷೀನು ನಿಂತ ಹಜಾರದಲ್ಲಿ ಮೆಲ್ಲಗೆ ಅನ್ನುವುದಕ್ಕೆ ಅರ್ಥವಿಲ್ಲ.

ಕಿಡಿ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಇಷ್ಟು ದಿನ ಹಲ್ಲಿನ ಹಿಂದೆ ಕಟ್ಟಿಹಾಕಿದ್ದೆಲ್ಲ ಒಟ್ಟಿಗೆ ಹೊರಬಿತ್ತು.

"ಯಜಮಾನ್ರೇ, ಇದನ್ನ ಆರಿಸ್ತಿರೋದು ನಾನಲ್ಲ, ಇವರು. ಫೋನಲ್ಲಿ ಆರಿಸ್ತಾರೆ. ಇವರು ಮಂಡಿಗೆ ಹೋದ ದಿನ ಒಂದ್ಸಲನೂ ಆರಲಿಲ್ಲ, ಬಾಗಿಲಿಗೆ ಬಂದ ತಕ್ಷಣ ಆರಿತು. ನನ್ನ ಜಾಗಕ್ಕೆ ಕೂರಿಸೋಕೆ ಯಾರನ್ನ ರೆಡಿ ಮಾಡಿದೀರಿ ಅಂತ ನೇರವಾಗಿ ಹೇಳಿ ಸರ್. ನಾನು ಶಾಲೆ ಬಿಟ್ಟೋನು, ಬುದ್ಧಿ ಬಿಟ್ಟೋನಲ್ಲ."

ಅಳಿಯನ ಮುಖ ಕೆಂಪಾಯಿತು. ಹೆಂಡತಿಯ ಅಪ್ಪನ ಮುಂದೆ, ಇಷ್ಟು ಜನರ ಮುಂದೆ. ಅವನು ಫೋನನ್ನು ಪೂರ್ತಿ ಆರಿಸಿ, ಇಸ್ತ್ರಿ ಮಾವನ ಒದ್ದೆ ಅಂಗೈಯಲ್ಲಿಟ್ಟು, ಹಜಾರದ ಆಚೆ ತುದಿಗೆ ಹೋಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ.

"ಈಗ ಮಾಡು," ಅಂದ ಅಲ್ಲಿಂದಲೇ.

ಕಿಡಿ ಮಾಡಿದ. ಗುಂಡಿ, ಪಾಸ್‌ವರ್ಡು, ಮಾದರಿ. ಎಡಗೈ.

ಕಪ್ಪು.

ಯಜಮಾನರು ನೆಲ ನೋಡಿದರು. ಆ ನೋಟ ಕಿಡಿಗೆ ಗೊತ್ತು. ಕೆಟ್ಟ ಮಾತು ಬರುವ ಮುಂಚೆ ಬರುವ ನೋಟ. ಅವನು ಮುಷ್ಟಿ ಎತ್ತಿ ಟೇಬಲ್ಲಿಗೆ ಗುದ್ದಿದ. ಪಿನ್ನಿನ ಡಬ್ಬಿ ಹಾರಿ ಮಗುಚಿ, ಪಿನ್ನುಗಳು ಟೇಬಲ್ಲಿನ ಉದ್ದಕ್ಕೂ ಚೆಲ್ಲಿದವು. ಇಷ್ಟು ಸಿಟ್ಟಿನಲ್ಲೂ ಕೈಗೆ ತನ್ನ ಅಭ್ಯಾಸ ಬಿಡಲಾಗಲಿಲ್ಲ: ಬಟ್ಟೆಗೆ ಪಿನ್ನು ಸೇರಬಾರದು. ಎಡ ಮಣಿಕಟ್ಟನ್ನು ಟೇಬಲ್ಲಿನ ಮೇಲೆ ಒಮ್ಮೆ ಸವರಿದ. ಪಿನ್ನುಗಳೆಲ್ಲ ಎಗರಿ ಪಟ್ಟಿಗೆ ಅಂಟಿ, ಕೈ ಮುಳ್ಳುಹಂದಿಯಾಯಿತು.

ಕಿಟಕಿ ಪಕ್ಕದ ಮಷೀನಿನಿಂದ ಅಕ್ಕ ಎದ್ದು ಬಂದಳು. ಅವಳು ತಮ್ಮನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

"ಪಟ್ಟಿ ಬಿಚ್ಚು," ಅಂದಳು.

ಕಿಡಿ ಕೈಯನ್ನು ಹಿಂದಕ್ಕೆಳೆದುಕೊಂಡ. ಹಳೆಯ ಕಟಿಂಗ್ ಮಾಸ್ಟರು ಕೆಲಸ ಬಿಟ್ಟ ದಿನ ಕೊರಳ ಇಂಚುಟೇಪನ್ನು ತೆಗೆದು ಇದೇ ಟೇಬಲ್ಲಿನ ಮೇಲಿಟ್ಟು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋಗಿದ್ದ. ಟೇಬಲ್ಲಿನವನ ಮೈಮೇಲಿನ ವಸ್ತು ಕಳಚಿತೆಂದರೆ ಮುಗಿಯಿತೆಂದು ಆ ಹಜಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ಇವಳೂ ಅವರ ಕಡೆಗೇ ಸೇರಿ, ತಾನೇ ಕಟ್ಟಿದ್ದನ್ನು ತಾನೇ ಬಿಚ್ಚಿಸಿಕೊಂಡು ಕಳಿಸಲು ಬಂದಳೇ?

"ಕಪಾಟಿನ ಹಿಂದೆ ಮಾತಾಡಿದ್ದು ಇದೇನಾ?" ಅಂದ.

"ಅದನ್ನ ಆಮೇಲೆ ಕೇಳು. ಇವರು ಮಂಡಿಗೆ ಹೋದ ದಿನ ಪಟ್ಟಿ ಎಲ್ಲಿತ್ತು ಹೇಳು."

"ನಿನ್ನ ಹತ್ರ. ಹೊಲಿಯೋಕೆ ಕೊಟ್ಟಿದ್ದೆ."

"ಯಾವಾಗ ಕಟ್ಟಿದೆ ನಿಂಗೆ?"

ಕಿಡಿಗೆ ಸ್ಕೂಟರಿನ ಸದ್ದು ನೆನಪಾಯಿತು, ಅಳಿಯನ ಫೋನು ನೆನಪಾಯಿತು, ಅವೆರಡರ ಮಧ್ಯೆ ಮಣಿಕಟ್ಟಿನ ಮೇಲೆ ಕೊಕ್ಕೆ ಸಿಕ್ಕಿಸುತ್ತಿದ್ದ ಅಕ್ಕನ ಬೆರಳುಗಳೂ ನೆನಪಾದವು. ಅದನ್ನು ಅವನು ನೋಡಿದ್ದ, ಆದರೆ ಕಂಡಿರಲಿಲ್ಲ. ಅಕ್ಕನ ಮೇಲೆ ಗುಮಾನಿ ಇಟ್ಟುಕೊಂಡೇ ಕೈ ಚಾಚಿದ. ಚಾಚುವುದು ಅವನು ಅವತ್ತು ಮಾಡಿದ ಎಲ್ಲ ಕೆಲಸಕ್ಕಿಂತ ಕಷ್ಟದ್ದಾಗಿತ್ತು.

ಅವಳು ಕೊಕ್ಕೆ ಬಿಚ್ಚಿ, ಪಿನ್ನುಗಳನ್ನು ಡಬ್ಬಿಗೆ ಉದುರಿಸಿ, ಗುಂಡಿ ಒತ್ತಿ ಪರದೆ ಎಬ್ಬಿಸಿದಳು. ಬರಿ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಕಂಟ್ರೋಲಿನ ಪಕ್ಕದ ಖಾಲಿ ಜಾಗದ ಮೇಲೆ ಮೆಲ್ಲಗೆ ಇಳಿಬಿಟ್ಟಳು. ಪರದೆ ಕಪ್ಪಾಯಿತು. ಪಟ್ಟಿ ತೆಗೆದು ಗುಂಡಿ ಒತ್ತಿದಳು, ಬೆಳಗಿತು. ಮತ್ತೆ ಇಟ್ಟಳು, ಕಪ್ಪಾಯಿತು. ಎರಡನೆಯ ಸಲ ಮಾಡಿದ್ದು ಯಜಮಾನರಿಗಾಗಿ. ಅವರು ಕನ್ನಡಕ ಹಾಕಿಕೊಂಡಿರಲಿಲ್ಲ.

ಮೊದಲು ಬಾಯಿ ಬಿಟ್ಟವನು ಇಸ್ತ್ರಿ ಮಾವ. "ಕಳ್ಳನ್ನ ಕೈಗೇ ಕಟ್ಕೊಂಡು ಕಾರ್ಖಾನೆಯೆಲ್ಲಾ ಹುಡುಕಿದ್ಯಲ್ಲೋ," ಅಂದ. ಅದನ್ನು ಅಂದವನೇ ಫೋನಿನ ಹುಳ ಬಿಟ್ಟವನು ಎಂಬುದು ಅವನಿಗೆ ನೆನಪೇ ಇರಲಿಲ್ಲ. ಹಜಾರವೆಲ್ಲ ನಕ್ಕಿತು. ಅಳಿಯ ಓಡಿಬಂದು ಫೋನು ಕಸಿದುಕೊಂಡು ಏನೇನೋ ಹುಡುಕಿ ಓದಿ, ಲ್ಯಾಪ್‌ಟಾಪಿನ ಮುಚ್ಚಳದೊಳಗೆ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ, ಮುಚ್ಚಿದಾಗ ಕೆಳಗಿನ ಭಾಗ ಅದನ್ನು ಗುರುತಿಸಿ ಪರದೆ ಆರಿಸುತ್ತದೆ, ಪಟ್ಟಿ ಹತ್ತಿರ ಬಂದಾಗಲೆಲ್ಲ ಇದು ಮುಚ್ಚಳ ಮುಚ್ಚಿದರು ಎಂದುಕೊಂಡಿದೆ ಎಂದು ಎಲ್ಲರಿಗೂ ವಿವರಿಸಿದ. ತನಗೂ ಗೊತ್ತಿರಲಿಲ್ಲ ಎಂದೂ ಹೇಳಿದ. ಆಮೇಲೆ ಕಿಡಿಯ ಕಡೆ ನೋಡದೆ, ನಾನೂ ನಿನ್ನನ್ನ ತಪ್ಪು ತಿಳ್ಕೊಂಡೆ ಅಂದ. ಈ ಸಲ ನಗಲಿಲ್ಲ.

ಕಿಡಿ ಬರಿಗೈಯಲ್ಲಿ ಕೂತ. ಅಡ್ಡಗೆರೆ ಅಳಿಸಿದ, ತೋಳು ತಿದ್ದಿದ, ಹೊಸ ಹೆಸರು ಕೊಟ್ಟು ಉಳಿಸಿದ, ಮುಚ್ಚಿದ. ಪರದೆ ಆರಿತು, ಈ ಸಲ ಅವನು ಹೇಳಿದ್ದಕ್ಕೆ. ಯಜಮಾನರು ಅವನ ಬೆನ್ನು ತಟ್ಟಿ, ಅಳಿಯನ ಕಡೆ ತಿರುಗಿದರು.

"ನಿಮ್ಮ ಸ್ನೇಹಿತರಿಗೆ ಬರೋದು ಬೇಡ ಅಂತ ತಿಳಿಸಿಬಿಡಿ."

ಅಂದರೆ ಒಬ್ಬ ಇದ್ದ. ಹೊರಗೆಲ್ಲೋ ಒಬ್ಬ ಚೀಲ ಕಟ್ಟಿಕೊಂಡು ಈ ಕುರ್ಚಿಗಾಗಿ ಕಾಯುತ್ತಲೇ ಇದ್ದ. ಲ್ಯಾಪ್‌ಟಾಪಿನ ವಿಷಯದಲ್ಲಿ ಕಿಡಿ ತಪ್ಪಿದ್ದ, ಮನುಷ್ಯನ ವಿಷಯದಲ್ಲಿ ತಪ್ಪಿರಲಿಲ್ಲ. ಕೋಪ ಬರಬೇಕಿತ್ತು. ಬಂತು ಕೂಡ, ಆದರೆ ಕೂರಲು ಜಾಗ ಸಿಗದೆ ಸುಮ್ಮನೆ ಅಲ್ಲೇ ಸುಳಿದಾಡಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅಕ್ಕನ ಮಷೀನಿನ ಬಳಿ ಹೋಗಿ ನಿಂತ.

"ಕಪಾಟಿನ ಹಿಂದೆ ಏನು ಮಾತು? ದಾರದ ಬಣ್ಣ ಅನ್ನಬೇಡ."

ಅಕ್ಕ ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ನಿಲ್ಲಿಸಿದಳು. ಈ ಸಲ ಸದ್ದು ಮಾಡಲು ಅವಳ ಹತ್ತಿರ ಪಾತ್ರೆಗಳಿರಲಿಲ್ಲ.

"ನಂಗೂ ಕಲ್ಸಿಕೊಡಿ ಅಂತ ಕೇಳಿದ್ದೆ. ನಾನೇ ಹೋಗಿ ಕೇಳಿದ್ದು. ಬೆನ್ನು ಎತ್ತೋಕೆ ಆಗಲ್ಲ ಕಣೋ ಬೆಳಗ್ಗೆ. ಇನ್ನೆಷ್ಟು ದಿನ ಈ ಪೆಡಲ್ಲು ತುಳೀಲಿ? ನಿನ್ನ ಜಾಗ ಕಿತ್ಕೊಳ್ಳೋಕೆ ಅಂದ್ಕೋತೀಯ ಅಂತ ಹೇಳ್ಲಿಲ್ಲ." ಬಾಬಿನ್ನನ್ನು ಕೆಳಗಿಟ್ಟು ಅಂದಳು, "ಅಂದ್ಕೊಂಡೆ ಅಲ್ವಾ?"

ಅಂದುಕೊಂಡಿದ್ದ. ಇಷ್ಟು ವರ್ಷ ತಾನು ಮೂಲೆಯಿಂದ ಟೇಬಲ್ಲಿಗೆ ಬಂದ ಲೆಕ್ಕವನ್ನೇ ಇಟ್ಟಿದ್ದ. ಅಕ್ಕ ಬಂದ ದಿನ ಕೂತ ಮಷೀನಿನ ಮುಂದೆಯೇ ಇವತ್ತಿಗೂ ಕೂತಿದ್ದಾಳೆ ಎಂಬುದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಅವನ ಅನುಮಾನ ಕೂಡ ತನ್ನ ಸುತ್ತಲೇ ತಿರುಗುವ ಅನುಮಾನವಾಗಿತ್ತು.

"ಬಾ," ಅಂದ, ಒರಟಾಗಿಯೇ. "ಊಟದ ಡಬ್ಬಿ ಅಲ್ಲಿಗೇ ತಗೊಂಬಾ. ತಿಂದ ಕೈಯಲ್ಲಿ ಮಾತ್ರ ಮುಟ್ಟಬೇಡ."

ಲ್ಯಾಪ್‌ಟಾಪಿನ ಮುಂದೆ ಅಕ್ಕನಿಗೂ ಒಂದು ಕುರ್ಚಿ ಹಾಕಿ ಸರಿದು ಕೂತ. ಪಟ್ಟಿಯನ್ನು ಟೇಬಲ್ಲಿನ ಆಚೆ ತುದಿಯಲ್ಲಿ, ಪಿನ್ನಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಇಟ್ಟಿದ್ದ. ಮುಚ್ಚಳ ತೆರೆಯುವುದು, ಗುಂಡಿ ಒಮ್ಮೆ ಒತ್ತಿ ಬಿಡುವುದು, ಚೌಕದ ಮೇಲೆ ಬೆರಳು ಆಡಿಸುವುದು, ಎಲ್ಲ ಹೇಳಿಕೊಟ್ಟ. ಅವಳಿಗೆ ಬಾಣ ನಿಲ್ಲದೆ ಪರದೆಯ ಅಂಚಿಗೆ ಓಡಿಹೋದಾಗ ಅವನಿಗೆ ನಗು ಬಂತು. ಬಂದ ನಗುವನ್ನು ನುಂಗಿದ. ಕಲಿಯುವವರ ಮುಂದೆ ನಗಬಾರದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ಕಸದ ಬುಟ್ಟಿ ತೋರಿಸಿ, ಇದನ್ನ ನಂಬಬೇಡ, ಎಸೆದದ್ದೆಲ್ಲಾ ಇಟ್ಕೊಂಡಿರುತ್ತೆ ಅಂದ. ಅದನ್ನು ಖಾಲಿ ಮಾಡುವ ದಾರಿಯನ್ನು ಇಬ್ಬರೂ ಸೇರಿ ಹುಡುಕಿದರು. ಹುಡುಕುತ್ತಾ ಹುಡುಕುತ್ತಾ ಇನ್ನೂ ಒಂದು ದಾರಿ ಸಿಕ್ಕಿತು. ಅಕ್ಕ ಬೇಡ ಕಣೋ ಅಂದಳು. ಕಿಡಿ ಕೇಳಲಿಲ್ಲ.

ಮರುದಿನ ಬೆಳಗ್ಗೆ ಅಳಿಯ ಬಂದು ಲ್ಯಾಪ್‌ಟಾಪು ತೆರೆದು ಹೆಂಡತಿಯ ಹೆಸರು ಹೊಡೆದ. ಪರದೆ ಒಳಗೆ ಬಿಡಲಿಲ್ಲ. ಅಕ್ಷರ ತಪ್ಪಿತೇನೋ ಎಂದು ನಿಧಾನಕ್ಕೆ ಇನ್ನೊಮ್ಮೆ ಹೊಡೆದ. ಬಿಡಲಿಲ್ಲ. ತಲೆಯೆತ್ತಿ ಕಿಡಿಯನ್ನು ನೋಡಿದ. ಕಿಡಿ ಬಿಳಿ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದ. ಕಿಟಕಿ ಪಕ್ಕದ ಮಷೀನಿನ ಕಡೆ ನೋಡಿದ. ಅಕ್ಕ ತಲೆ ತಗ್ಗಿಸಿ ಪೆಡಲ್ಲು ತುಳಿಯುತ್ತಿದ್ದಳು, ಅಗತ್ಯಕ್ಕಿಂತ ತುಸು ಜೋರಾಗಿಯೇ.

"ಪಾಸ್‌ವರ್ಡ್ ತಗೋತಾ ಇಲ್ಲ," ಅಂದ ಅಳಿಯ. "ನೀನೇನಾದ್ರೂ ಮಾಡಿದ್ಯಾ?"

"ಕೈಗೆ ಏನಾದ್ರೂ ಕಟ್ಕೊಂಡಿದೀರಾ ನೋಡಿ ಸರ್."

ಅಳಿಯ ನಿಜವಾಗಿಯೂ ತನ್ನ ಕೈ ನೋಡಿಕೊಂಡ. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಮತ್ತೊಮ್ಮೆ ಹೊಡೆದ. ಇಸ್ತ್ರಿ ಮಾವ ಆ ಕಡೆ ತಿರುಗಿ ಕೆಮ್ಮಿದ. ಕಿಡಿ ಬಟ್ಟೆಯ ಕೊನೆಯ ಸುಕ್ಕು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ, ಆಮೇಲೆ ಹೋಗಿ, ಅಳಿಯನಿಗೆ ಕಾಣದ ಹಾಗೆ ಮೈ ಅಡ್ಡ ಮಾಡಿಕೊಂಡು ಪಾಸ್‌ವರ್ಡು ಹೊಡೆದುಕೊಟ್ಟ. ಪರದೆ ಬೆಳಗಿತು. ಅದರ ನೆತ್ತಿಯ ಮೇಲೆ ಬಕ್ರಂ ಚೂರು ಹಾಗೇ ಇತ್ತು. ಅದನ್ನು ಕಿಡಿ ಹೆಬ್ಬೆರಳಲ್ಲಿ ಇನ್ನೊಮ್ಮೆ ಒತ್ತಿ ಗಟ್ಟಿ ಮಾಡಿದ.